ಕೊಲೆಗಾರನ ಕೈಯಲ್ಲಿದ್ದ ಕಾದಂಬರಿ

1980ರ ಡಿಸೆಂಬರ್ 8, ರಾತ್ರಿ. ನ್ಯೂಯಾರ್ಕಿನ ಡಕೋಟ ಅಪಾರ್ಟ್‌ಮೆಂಟಿನ ಬಾಗಿಲಲ್ಲಿ ಜಾನ್ ಲೆನನ್‌ಗೆ ಬೆನ್ನ ಹಿಂದಿನಿಂದ ಗುಂಡು ಬಿತ್ತು. ಹೊಡೆದವನು ಮಾರ್ಕ್ ಡೇವಿಡ್ ಚಾಪ್ಮನ್, ವಯಸ್ಸು 25. ಓಡಿ ಹೋದನಾ? ಇಲ್ಲ. ಅಲ್ಲೇ ನಿಂತು ಒಂದು ಪುಸ್ತಕ ಓದುತ್ತಿದ್ದ. ಜೆ.ಡಿ. ಸಾಲಿಂಜರ್ ಬರೆದ 'ದಿ ಕ್ಯಾಚರ್ ಇನ್ ದ ರೈ'.

ನಾಲ್ಕೇ ತಿಂಗಳೊಳಗೆ, 1981ರ ಮಾರ್ಚ್ 30ರಂದು, ಅಧ್ಯಕ್ಷ ರೇಗನ್ ಮೇಲೆ ಜಾನ್ ಹಿಂಕ್ಲಿ ಗುಂಡು ಹಾರಿಸಿದ. ಅವನ ಹೋಟೆಲ್ ರೂಮಿನಲ್ಲೂ ಅದೇ ಪುಸ್ತಕ ಸಿಕ್ಕಿತು. ಮುಗೀತಲ್ಲ! ಒಂದು ಪುಸ್ತಕ, ಎರಡು ಪಿಸ್ತೂಲು. ಸ್ಕ್ರೀನ್ ಕೆಳಗೆ ಕೆಂಪು ಪಟ್ಟಿ ಓಡಿಸೋಕೆ ನಮ್ಮ ವೃತ್ತಿಯವರಿಗೆ ಇನ್ನೇನು ಬೇಕು ಹೇಳಿ? ಅಂದಿನಿಂದ ಅದು 'ಕೊಲೆಗಾರರ ಪುಸ್ತಕ'. ಕೋಟಿಗಟ್ಟಲೆ ಜನ ಅದನ್ನೋದಿ, ಮಡಚಿಟ್ಟು, ಊಟ ಮಾಡಿ ಮಲಗಿದ್ದು ಸುದ್ದಿಯಾಗಲಿಲ್ಲ, ಅಷ್ಟೇ.

ಹಾಗಾದರೆ ಒಳಗೇನಿದೆ? ಹೋಲ್ಡನ್ ಕಾಲ್‌ಫೀಲ್ಡ್ ಅಂತ ಒಬ್ಬ ಹುಡುಗ, 16 ವರ್ಷ. ನಾಲ್ಕು ಸಬ್ಜೆಕ್ಟ್ ಫೇಲ್. ಬೋರ್ಡಿಂಗ್ ಸ್ಕೂಲಿನಿಂದ ಹೊರಗೆ ಹಾಕಿದ್ದಾರೆ. ಮನೆಗೆ ಹೋಗಲು ಹೆದರಿಕೊಂಡು ನ್ಯೂಯಾರ್ಕಿನಲ್ಲಿ ಅಲೆಯುತ್ತಾನೆ. ಕಂಡವರೆಲ್ಲ ನಾಟಕದವರು ಅಂತ ಬೈಯುತ್ತಾನೆ. ಹೊಡೆದಾಟಕ್ಕೆ ಹೋದರೆ ಒದೆ ತಿಂದು ಬರುವವನು ಇವನೇ. ಸೆಂಟ್ರಲ್ ಪಾರ್ಕಿನ ಕೊಳ ಹೆಪ್ಪುಗಟ್ಟಿದಾಗ ಬಾತುಕೋಳಿಗಳು ಎಲ್ಲಿಗೆ ಹೋಗುತ್ತವೆ ಅಂತ ಟ್ಯಾಕ್ಸಿ ಡ್ರೈವರ್‌ಗಳನ್ನು ಕೇಳುತ್ತಾನೆ.

ಬಹಳ ಜನ ಇಷ್ಟಕ್ಕೇ ನಿಲ್ಲಿಸಿ, 'ಹದಿಹರೆಯದ ಸಿಟ್ಟು' ಅಂತ ಹಣೆಪಟ್ಟಿ ಹಚ್ಚುತ್ತಾರೆ. ಆದರೆ ಹೋಲ್ಡನ್‌ಗೆ ಆಲಿ ಅಂತ ತಮ್ಮನಿದ್ದ. ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್. 11ನೇ ವಯಸ್ಸಿಗೆ ಹೋಗಿಬಿಟ್ಟ. ಆ ರಾತ್ರಿ 13ರ ಅಣ್ಣ ಗ್ಯಾರೇಜಿನಲ್ಲಿ ಮಲಗಿ, ಕಿಟಕಿ ಗಾಜುಗಳನ್ನೆಲ್ಲ ಬರಿಗೈಯಲ್ಲಿ ಗುದ್ದಿ ಒಡೆದ. ಕೈ ಮುರಿಯಿತು. ಮನೆಯವರು ಮನೋವೈದ್ಯರ ಮಾತೆತ್ತಿದರು. ಸತ್ತ ತಮ್ಮನ ಬೇಸ್‌ಬಾಲ್ ಗ್ಲೌಸ್ ಹೋಲ್ಡನ್ ಹತ್ತಿರ ಈಗಲೂ ಇದೆ. ಅದರ ತುಂಬ ಆಲಿ ಹಸಿರು ಇಂಕಿನಲ್ಲಿ ಬರೆದುಕೊಂಡ ಪದ್ಯಗಳು. ಕಾದಂಬರಿಯ ಕೊನೆಯ ಹೊತ್ತಿಗೆ ಫಿಫ್ತ್ ಅವೆನ್ಯೂನಲ್ಲಿ ಒಂದೊಂದು ರಸ್ತೆ ದಾಟುವಾಗಲೂ, ನನ್ನನ್ನು ಮಾಯವಾಗೋಕೆ ಬಿಡಬೇಡ ಅಂತ ಆ ಸತ್ತ ತಮ್ಮನನ್ನೇ ಬೇಡಿಕೊಳ್ಳುತ್ತಾನೆ. ಇದು ಬರೀ ಸಿಟ್ಟಾ? ನನ್ನ ಪ್ರಕಾರ ಇದು ಸೂತಕ ಕಳೆಯದ ಮನೆಯ ಪುಸ್ತಕ.

ಬರೆದವರ ಕಥೆ ನೋಡಿ. ಹೋಲ್ಡನ್‌ನ ಮೊದಲ ಕಥೆಯನ್ನು 'ನ್ಯೂಯಾರ್ಕರ್' ಪತ್ರಿಕೆ 1941ರಲ್ಲೇ ಒಪ್ಪಿಕೊಂಡಿತ್ತು. ಅಷ್ಟರಲ್ಲಿ ಪರ್ಲ್ ಹಾರ್ಬರ್ ದಾಳಿ ಆಯಿತು, ಕಥೆ ಮೂಲೆಗೆ ಸೇರಿತು. ಅಚ್ಚಾಗಿದ್ದು 1946ರಲ್ಲಿ. ಈ ನಡುವೆ ಸಾಲಿಂಜರ್ ಯುದ್ಧದಲ್ಲಿದ್ದರು. 1944ರ ಜೂನ್ 6, ಡಿ-ಡೇ. ನಾರ್ಮಂಡಿಯ ಯೂಟಾ ಬೀಚಿನಲ್ಲಿ ಇಳಿದರು. ಹೋಲ್ಡನ್ ಕಥೆಯ ಹಾಳೆಗಳು ಜೊತೆಗಿದ್ದವು. ಆಮೇಲೆ ಹರ್ಟ್‌ಗನ್ ಕಾಡು, ಹಿಮ, ಹೆಣಗಳು. 1945ರಲ್ಲಿ, ಯುರೋಪಿನ ಯುದ್ಧ ಮುಗಿದ ಮೇಲೆ, ನ್ಯೂರೆಂಬರ್ಗಿನಲ್ಲಿ ಮನಸ್ಸು ಕುಸಿದು ಆಸ್ಪತ್ರೆ ಸೇರಿದರು. 1951ರ ಜುಲೈನಲ್ಲಿ ಪುಸ್ತಕ ಬಂತು. ಅದರಲ್ಲಿ ಒಂದೇ ಒಂದು ರಣರಂಗವಿಲ್ಲ. ಗ್ಯಾರೇಜು, ಗಾಜು, ಮುರಿದ ಕೈ, ಅಷ್ಟೇ ಇದೆ.

ಇನ್ನು ಹೆಸರಿನ ವಿಷಯ. ರೈ ಅಂದರೆ ಗೋಧಿಯ ಜಾತಿಯ ಒಂದು ಧಾನ್ಯ. ದೊಡ್ಡವರು ಯಾರೂ ಇಲ್ಲದ ಆ ಹೊಲದಲ್ಲಿ ಸಾವಿರಾರು ಮಕ್ಕಳು ಆಡುತ್ತಿದ್ದಾರೆ, ಅಂಚಿನಲ್ಲಿ ಪ್ರಪಾತ. ಓಡುತ್ತಾ ಬಂದು ಬೀಳುವ ಮಕ್ಕಳನ್ನು ಹಿಡಿದುಕೊಳ್ಳೋದು, ಅದೊಂದೇ ಕೆಲಸ ನನಗೆ ಬೇಕು ಅಂತಾನೆ ಹೋಲ್ಡನ್, ಪುಟ್ಟ ತಂಗಿ ಫೀಬಿ ಹತ್ತಿರ. ಒಬ್ಬನನ್ನು ಹಿಡಿದುಕೊಳ್ಳಲು ಆಗಿರಲಿಲ್ಲವಲ್ಲ.

1981ರ ಆಗಸ್ಟಿನಲ್ಲಿ ಶಿಕ್ಷೆ ಪ್ರಕಟಿಸುವ ಮುನ್ನ ಕೋರ್ಟು ಚಾಪ್ಮನ್‌ಗೆ ಮಾತಾಡಲು ಅವಕಾಶ ಕೊಟ್ಟಿತು. ಅವನು ಗಟ್ಟಿಯಾಗಿ ಓದಿದ್ದು ಇದೇ ಭಾಗವನ್ನು, ಮಕ್ಕಳನ್ನು ಹಿಡಿದುಕೊಳ್ಳುವ ಭಾಗವನ್ನು. ಲೆನನ್‌ರ ಕಿರಿಯ ಮಗ ಶಾನ್‌ಗೆ ಆಗ 5 ವರ್ಷ.