ಗಾಯಗೊಂಡ ಮನಸ್ಸಿನ ಸಾಕ್ಷ್ಯ

ಮನಸ್ಸಿಗೆ ಪೆಟ್ಟು ಬಿದ್ದವರ ನೆನಪನ್ನು ನ್ಯಾಯಾಲಯ ನಂಬಬಹುದೇ? 1998ರ ನವೆಂಬರ್‌ನಲ್ಲಿ ಹೇಗ್ ನಗರದ ನ್ಯಾಯಮಂಡಳಿಯೊಂದು ಎದುರಿಸಿದ ಪ್ರಶ್ನೆ ಇದು. ಹಿಂದಿನ ಯುಗೊಸ್ಲಾವಿಯದ ಯುದ್ಧಾಪರಾಧಗಳ ವಿಚಾರಣೆಗೆಂದು ವಿಶ್ವಸಂಸ್ಥೆ 1993ರಲ್ಲಿ ಸ್ಥಾಪಿಸಿದ್ದ ನ್ಯಾಯಮಂಡಳಿ ಅದು.

ಆರೋಪಿ ಆಂಟೊ ಫುರುಂಜಿಯ, ಬೋಸ್ನಿಯದ ಕ್ರೋಯಟ್ ಪಡೆಯ 'ಜೋಕರ್ಸ್' ಎಂಬ ತುಕಡಿಯ ಸ್ಥಳೀಯ ಕಮಾಂಡರ್. 1993ರ ಮೇ ತಿಂಗಳಲ್ಲಿ ವಿಟೆಜ್ ಪಟ್ಟಣದ ಬಳಿ ಸೆರೆಯಲ್ಲಿದ್ದ ಮಹಿಳೆಯೊಬ್ಬರನ್ನು ಆತ ಪ್ರಶ್ನಿಸುತ್ತಿದ್ದಾಗಲೇ ಇನ್ನೊಬ್ಬ ಸೈನಿಕ ಆಕೆಯ ಮೇಲೆ ಅತ್ಯಾಚಾರ ನಡೆಸಿದನೆಂಬುದು ಆರೋಪ. ಕಡತಗಳಲ್ಲಿ ಆಕೆಯ ಹೆಸರಿಲ್ಲ; 'ಸಾಕ್ಷಿ ಎ' ಎಂದಷ್ಟೇ ಇದೆ.

ವಿಚಾರಣೆ ಜೂನ್‌ನಲ್ಲೇ ಮುಗಿದಿತ್ತು. ಅನಂತರ ಪ್ರಾಸಿಕ್ಯೂಷನ್ ಒಂದು ದಾಖಲೆಯನ್ನು ಹೊರತೆಗೆಯಿತು. ಜೆನಿಟ್ಸ ಪಟ್ಟಣದ 'ಮೆಡಿಕಾ' ಮಹಿಳಾ ಚಿಕಿತ್ಸಾ ಕೇಂದ್ರದಲ್ಲಿ ಆಕೆ ಪಡೆದಿದ್ದ ಮಾನಸಿಕ ನೆರವಿನ ವಿವರ ಅದರಲ್ಲಿತ್ತು. ಅದನ್ನು ಮೊದಲೇ ಕೊಡದಿದ್ದುದಕ್ಕೆ ನ್ಯಾಯಾಧೀಶರು ಪ್ರಾಸಿಕ್ಯೂಷನ್ನನ್ನು ತರಾಟೆಗೆ ತೆಗೆದುಕೊಂಡು, ವಿಚಾರಣೆಯನ್ನು ಮತ್ತೆ ತೆರೆದರು. ಆಕೆಗೆ ಆಘಾತೋತ್ತರ ಮನೋವ್ಯಾಧಿ ಇದೆ, ಆದ್ದರಿಂದ ಆಕೆಯ ನೆನಪು ನೆಚ್ಚತಕ್ಕದ್ದಲ್ಲ ಎಂದು ಪ್ರತಿವಾದಿ ವಕೀಲರು ಪಟ್ಟು ಹಿಡಿದರು. ಗಾಯವಾಗಿದೆ ಎಂಬುದಕ್ಕೆ ಪುರಾವೆಯಾಗಬೇಕಾದ ಕಾಗದವೇ ಗಾಯಗೊಂಡವಳ ಮಾತನ್ನು ಅಳಿಸುವ ಸಾಧನವಾಗತೊಡಗಿತು.

ಈ ವ್ಯಾಧಿಗೆ ಹೆಸರು ಸಿಕ್ಕಿದ್ದೇ ತಡವಾಗಿ. ಮೊದಲ ಮಹಾಯುದ್ಧದಲ್ಲಿ ನಡುಗುತ್ತ ಮರಳಿದ ಸೈನಿಕರದು 'ಶೆಲ್ ಶಾಕ್' ಎನ್ನಿಸಿಕೊಂಡಿತು. ಅಮೆರಿಕದ ಮನೋವೈದ್ಯರ ಸಂಘ ತನ್ನ ಅಧಿಕೃತ ಕೈಪಿಡಿಯಲ್ಲಿ ಈಗಿನ ಹೆಸರನ್ನು ಸೇರಿಸಿದ್ದು 1980ರಲ್ಲಿ. ಅದರ ಹಿಂದೆ ವಿಯೆಟ್ನಾಂ ಯುದ್ಧದಿಂದ ಮರಳಿದವರ ಒತ್ತಾಯವಿತ್ತು. ಹೆಂಗಸರ ಕತೆ ಬೇರೆ. ಆನ್ ಬರ್ಜೆಸ್ ಎಂಬ ನರ್ಸ್ ಮತ್ತು ಲಿಂಡಾ ಹೋಮ್‌ಸ್ಟ್ರಾಮ್ ಎಂಬ ಸಮಾಜಶಾಸ್ತ್ರಜ್ಞೆ ಬಾಸ್ಟನ್ ನಗರದ ಆಸ್ಪತ್ರೆಗೆ ಬಂದ 92 ಮಹಿಳೆಯರನ್ನು ಕಂಡು, ಅತ್ಯಾಚಾರದ ನಂತರವೂ ದುಃಸ್ವಪ್ನ, ದಿಗಿಲು, ನಿದ್ರಾಭಂಗಗಳು ಕಾಡುತ್ತವೆಂದು 1974ರಲ್ಲೇ ಬರೆದಿದ್ದರು. ಸೈನಿಕನ ನೋವಿಗೆ ಸಿಕ್ಕಷ್ಟು ಸುಲಭವಾಗಿ ಅದಕ್ಕೆ ಕಿವಿಗಳು ಸಿಗಲಿಲ್ಲ.

ಬೋಸ್ನಿಯದಲ್ಲಿ ಆ ಮೌನ ಒಡೆಯಿತು. 1992ರಿಂದ 1995ರವರೆಗಿನ ಯುದ್ಧದಲ್ಲಿ ದೇಶದ ಹೆಚ್ಚುಕಡಿಮೆ ಅರ್ಧದಷ್ಟು ಜನ, ಸುಮಾರು 22 ಲಕ್ಷ ಮಂದಿ ಮನೆಮಠ ಬಿಟ್ಟರು. ಅತ್ಯಾಚಾರಕ್ಕೊಳಗಾದ ಮಹಿಳೆಯರು 20 ಸಾವಿರವೆಂದು ಯುರೋಪಿಯನ್ ಸಮುದಾಯದ ನಿಯೋಗ ಅಂದಾಜು ಮಾಡಿತು. ಇಂಥ ಲೆಕ್ಕ ಎಂದೂ ಪೂರ್ತಿಯಾಗುವುದಿಲ್ಲ, ಹೇಳದೆ ಉಳಿದವರೇ ಹೆಚ್ಚು. ಜರ್ಮನಿಯಿಂದ ಬಂದ ಸ್ತ್ರೀರೋಗತಜ್ಞೆ ಮೋನಿಕಾ ಹೌಸರ್ ಸ್ಥಳೀಯ ಮಹಿಳೆಯರ ಜತೆಗೂಡಿ 1993ರಲ್ಲಿ 'ಮೆಡಿಕಾ' ತೆರೆದದ್ದು ಯುದ್ಧ ನಡೆಯುತ್ತಿರುವಾಗಲೇ. ಕ್ರೋಯೇಷಿಯದ ಶಿಬಿರವೊಂದರಲ್ಲಿದ್ದ 534 ಬೋಸ್ನಿಯ ನಿರಾಶ್ರಿತರನ್ನು ಹಾರ್ವರ್ಡ್‌ನ ರಿಚರ್ಡ್ ಮೊಲಿಕಾ ಮತ್ತು ಸಂಗಡಿಗರು ಪರೀಕ್ಷಿಸಿದಾಗ ಶೇ. 39ರಷ್ಟು ಮಂದಿಯಲ್ಲಿ ಖಿನ್ನತೆ, ಶೇ. 26ರಷ್ಟು ಮಂದಿಯಲ್ಲಿ ಆಘಾತೋತ್ತರ ವ್ಯಾಧಿಯ ಲಕ್ಷಣಗಳು ಕಂಡವು. ಮೂರು ವರ್ಷಗಳ ನಂತರವೂ, ಹೀಗೆ ಬಳಲುತ್ತಿದ್ದವರಲ್ಲಿ ಶೇ. 45ರಷ್ಟು ಮಂದಿ ಚೇತರಿಸಿಕೊಂಡಿರಲಿಲ್ಲ.

ಹೇಗ್‌ನಲ್ಲಿ ಎರಡೂ ಕಡೆಯವರು ತಜ್ಞರನ್ನು ಕರೆಸಿದರು. ಪ್ರತಿವಾದಿಗಳ ಪರ ಬಂದವರಲ್ಲಿ ನೆನಪಿನ ಸಂಶೋಧನೆಗೆ ಹೆಸರಾದ ಎಲಿಜಬೆತ್ ಲಾಫ್ಟಸ್ ಒಬ್ಬರು. ಕಾರು ಅಪಘಾತದ ಚಿತ್ರ ತೋರಿಸಿ, ಕೇಳುವ ಪ್ರಶ್ನೆಯ ಒಂದು ಪದ ಬದಲಿಸಿದರೂ ನೋಡಿದವರ ಉತ್ತರ ಬದಲಾಗುತ್ತದೆಂದು 1974ರಲ್ಲಿ ತೋರಿಸಿಕೊಟ್ಟವರು ಅವರು. ಆ ಸಂಶೋಧನೆ ಸುಳ್ಳಲ್ಲ. ಆದರೆ ಪರದೆಯ ಮೇಲಿನ ಅಪಘಾತ ನೋಡಿದವರಿಗೂ, ತನ್ನ ಮೈಮೇಲೆ ನಡೆದುದನ್ನು ನೆನೆಯುವವಳಿಗೂ ಒಂದೇ ಅಳತೆಗೋಲು ಸಲ್ಲುವುದೇ?

1998ರ ಡಿಸೆಂಬರ್ 10ರಂದು ತೀರ್ಪು ಬಂತು. ಈ ವ್ಯಾಧಿಯಿದ್ದವರೂ ಸಂಪೂರ್ಣ ವಿಶ್ವಾಸಾರ್ಹ ಸಾಕ್ಷಿಗಳಾಗಬಲ್ಲರು. ಅಂಥ ಅನುಭವ ಪಡೆದವರು ಪ್ರತಿಯೊಂದು ಸಣ್ಣ ವಿವರವನ್ನೂ ಕ್ರಮವಾಗಿ ಹೇಳಬೇಕೆಂದು ನಿರೀಕ್ಷಿಸುವುದು ಸಲ್ಲದು ಎಂಬುದು ನ್ಯಾಯಮಂಡಳಿಯ ನಿಲುವು. ಫುರುಂಜಿಯನಿಗೆ 10 ವರ್ಷ ಸೆರೆ.

ಆತ ಮೇಲ್ಮನವಿ ಸಲ್ಲಿಸಿದ. ಈ ಸಲ ಸಂಶಯದ ಬೆರಳು ತೋರಿದ್ದು ಪೀಠದ ಅಧ್ಯಕ್ಷೆ, ಜಾಂಬಿಯದ ಫ್ಲಾರೆನ್ಸ್ ಮುಂಬಾ ಅವರತ್ತ. ಅವರು ಹಿಂದೆ ವಿಶ್ವಸಂಸ್ಥೆಯ ಮಹಿಳಾ ಸ್ಥಾನಮಾನ ಆಯೋಗದಲ್ಲಿದ್ದವರು, ಆದ್ದರಿಂದ ಪಕ್ಷಪಾತಿ ಎಂಬುದು ವಾದ. ಮೇಲ್ಮನವಿ ಪೀಠ 2000ದ ಜುಲೈ 21ರಂದು ಅದನ್ನೂ ತಳ್ಳಿಹಾಕಿ ಶಿಕ್ಷೆಯನ್ನು ಎತ್ತಿಹಿಡಿಯಿತು.