ಮನೆಗೆ ಬಂದ ಥಿಯೇಟರ್: ಸಾಂಗಲಿಯ ಆಸ್ಥಾನದಿಂದ ಅಂಗೈ ಅಗಲದ ಕಂಪ್ಯೂಟರ್‌ವರೆಗೆ



ಟಿವಿಯ ಹಿಂದೆ ಅಡಗಿ ಕೂರುವ ಪುಟ್ಟ ಕಂಪ್ಯೂಟರ್ ಈಗ ನಮ್ಮ ಕವಲಾಪುರ, ಸಾಂಗಲಿ, ಮಿರಜ್ ಕಡೆಯ ಮನೆಗಳಿಗೆ ಹೊಸದೇನಲ್ಲ. 2020ರ ಲಾಕ್‌ಡೌನ್‌ನಲ್ಲಿ ದೇವಾಲಯಗಳ ಬಾಗಿಲು ಮುಚ್ಚಿದಾಗ ಎಷ್ಟೋ ಕುಟುಂಬಗಳು ಪೂಜೆಯಲ್ಲಿ ಪರದೆಯ ಮೂಲಕವೇ ಭಾಗಿಯಾದವು. ಮೊಬೈಲಿನ ಚಿಕ್ಕ ಚಿತ್ರ ಅಜ್ಜ-ಅಜ್ಜಿಯರಿಗೆ ಕಾಣಿಸದೆ, "ಇದನ್ನ ಟಿವಿಗೆ ಹಾಕೋದು ಹೆಂಗ?" ಎಂಬ ಪ್ರಶ್ನೆ ಅನೇಕ ಮನೆಗಳಲ್ಲಿ ಎದ್ದಿತು. ಆ ಪ್ರಶ್ನೆಗೆ ಒಂದು ಒಳ್ಳೆಯ ಉತ್ತರವೇ ಈ ಪೆಟ್ಟಿಗೆ. ಹೋಮ್ ಥಿಯೇಟರ್ ಪಿಸಿ ಎಂದು ಕರೆಯುತ್ತಾರೆ.

ಥಿಯೇಟರ್ ಮನೆಗೆ ಬಂದ ಕಥೆಯನ್ನು ಹೇಳುವುದಕ್ಕೆ ಸಾಂಗಲಿಗಿಂತ ಒಳ್ಳೆಯ ಊರು ಸಿಗುವುದು ಕಷ್ಟ. ಆ ಕಥೆಯಲ್ಲಿ ಎರಡು ಪ್ರಶ್ನೆಗಳನ್ನು ಹಿಡಿದುಕೊಂಡು ನಡೆಯೋಣ. ಏನನ್ನು ನೋಡಬೇಕು, ಯಾವ ಭಾಷೆಯಲ್ಲಿ ಕೇಳಬೇಕು ಎಂದು ತೀರ್ಮಾನಿಸುತ್ತಿದ್ದವರು ಯಾರು? ಮತ್ತು ಇಷ್ಟು ಚಿಕ್ಕ ಪೆಟ್ಟಿಗೆ ಅಷ್ಟೊಂದು ತೊಂದರೆ ಕೊಡುವುದೇಕೆ?

ಅರಸರು ಆಡಿಸಿದ ನಾಟಕ

1843ರ ನವೆಂಬರ್ 5ರಂದು ಸಾಂಗಲಿಯಲ್ಲಿ ವಿಷ್ಣುದಾಸ ಭಾವೆಯವರ 'ಸೀತಾ ಸ್ವಯಂವರ' ಪ್ರದರ್ಶನವಾಯಿತು. ಮರಾಠಿ ರಂಗಭೂಮಿಯ ಹುಟ್ಟುಹಬ್ಬವನ್ನು ಇಂದಿಗೂ ಅದೇ ದಿನ ಆಚರಿಸುತ್ತಾರೆ. ಕನ್ನಡಿಗರು ನೆನಪಿಡಬೇಕಾದ ಸಂಗತಿಯೊಂದು ಇದರ ಹಿಂದಿದೆ. ಅದಕ್ಕೆ ಸ್ವಲ್ಪ ಮುಂಚೆ ಉತ್ತರ ಕನ್ನಡದ ಭಾಗವತ ಮೇಳವೊಂದು ಸಾಂಗಲಿಗೆ ಬಂದು ಆಟ ಆಡಿತ್ತು. ಅದನ್ನು ಕಂಡ ಸಾಂಗಲಿಯ ಅರಸ ಚಿಂತಾಮಣರಾವ್ ಪಟವರ್ಧನರು ಅಂಥದೇ ಆಟವನ್ನು ಮರಾಠಿಯಲ್ಲಿ ಕಟ್ಟಲು ಭಾವೆಯವರಿಗೆ ಹೇಳಿದರು. ಕನ್ನಡ ಆಟದ ಕಿಡಿಯಿಂದ ಮರಾಠಿ ದೀಪ ಹೊತ್ತಿತು. ಗಡಿ ಎಂಬುದು ಬರೀ ಜಗಳದ ಜಾಗವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ?

ಆದರೂ ಆಗ ಯಾವ ಆಟ, ಯಾವಾಗ, ಯಾರ ಮುಂದೆ ಎಂಬುದನ್ನು ತೀರ್ಮಾನಿಸಿದ್ದು ಆಸ್ಥಾನ. ನೋಡುವವನು ಕರೆದಲ್ಲಿಗೆ ಹೋಗಬೇಕಿತ್ತು.

ತಟ್ಟೆಯಲ್ಲಿ ಬಂದ ದನಿ

ಮನೆ ಬಾಗಿಲಿಗೆ ಮೊದಲು ಬಂದದ್ದು ಚಿತ್ರವಲ್ಲ, ದನಿ. ಮಿರಜ್‌ನಲ್ಲಿ ನೆಲೆಸಿದ್ದ ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರ ಹಾಡು ಗ್ರಾಮಫೋನ್ ತಟ್ಟೆಗಳಲ್ಲಿ ದೇಶವೆಲ್ಲ ಸುತ್ತಿತು. ಅಂಥ ಒಂದು ತಟ್ಟೆಯನ್ನು ಗದಗಿನ ಬಾಲಕನೊಬ್ಬ ಅಂಗಡಿಯಲ್ಲಿ ಕೇಳಿದ. ಹಾಗೆ ಹಾಡಲು ಕಲಿಯಲೇಬೇಕೆಂಬ ಹಟದಲ್ಲಿ 1933ರಲ್ಲಿ ಮನೆಯನ್ನೇ ಬಿಟ್ಟು ಹೊರಟ. ಊರೂರು ಅಲೆದ ಆ ಹುಡುಗ ಕೊನೆಗೆ ಖಾನ್‌ಸಾಹೇಬರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರ ಬಳಿ ಕಲಿತ. ಅವರೇ ಮುಂದೆ ಭಾರತರತ್ನರಾದ ಪಂಡಿತ ಭೀಮಸೇನ ಜೋಶಿ.

ಒಂದು ಯಂತ್ರ, ಒಂದು ದನಿ, ಒಂದು ಬದುಕು ಬದಲಾಯಿತು. ಮನೆಯಲ್ಲಿ ಯಾವ ದನಿ ಕೇಳಿಸುತ್ತದೆ ಎಂಬುದು ಸಣ್ಣ ಮಾತಲ್ಲ. ಆದರೆ ತಟ್ಟೆಯಲ್ಲಿ ಯಾರು ಹಾಡಬೇಕೆಂದು ತೀರ್ಮಾನಿಸುತ್ತಿದ್ದುದು ಕಂಪನಿ.

ಮುಳ್ಳು ತಿರುಗಿಸಿದ ಕಾಲ

1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನೋವಿಜ್ಞಾನದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಆರಂಭಿಸಿದರು. ಅವರ ಮೊದಲ ಟ್ರಾನ್ಸ್‌ಮಿಟರ್‌ನ ಶಕ್ತಿ ಬರೀ 30 ವ್ಯಾಟ್, ಸುಮಾರಾಗಿ ಇಂದಿನ ಒಂದು ಪುಟ್ಟ ಕಂಪ್ಯೂಟರ್ ಓಡಲು ಬೇಕಾಗುವಷ್ಟು ವಿದ್ಯುತ್. 'ಆಕಾಶವಾಣಿ' ಎಂಬ ಹೆಸರು ಆ ಮನೆಯ ನಿಲಯದ್ದೇ. ಮುಂದೆ ಅದು ಇಡೀ ದೇಶದ ಬಾನುಲಿಗೆ ಹೆಸರಾಯಿತು.

1950ರಲ್ಲಿ ಧಾರವಾಡ ನಿಲಯ ಬಂತು, 1963ರಲ್ಲಿ ಸಾಂಗಲಿ ನಿಲಯ ಬಂತು. ಗಡಿಯ ಮನೆಗಳಲ್ಲಿ ಮುಳ್ಳನ್ನು ಒಂದು ಕಡೆ ತಿರುಗಿಸಿದರೆ ಮರಾಠಿ, ಮತ್ತೊಂದು ಕಡೆ ತಿರುಗಿಸಿದರೆ ಕನ್ನಡ. ಆಯ್ಕೆಯ ಒಂದು ತುಂಡು ಮೊದಲ ಬಾರಿಗೆ ಮನೆಯವರ ಕೈಗೆ ಬಂತು. ಆದರೆ ಎಷ್ಟು ಹೊತ್ತಿಗೆ ಏನು ಎಂಬುದು ಇನ್ನೂ ನಿಲಯದವರ ಕೈಯಲ್ಲೇ ಇತ್ತು.

ಸಾಲ ತಂದ ಉಪಗ್ರಹ

1975ರ ಆಗಸ್ಟ್ 1ರಿಂದ ಒಂದು ವರ್ಷ 'ಸೈಟ್' ಎಂಬ ಪ್ರಯೋಗ ನಡೆಯಿತು. ಅಮೆರಿಕದಿಂದ ಎರವಲು ಪಡೆದ ಎ.ಟಿ.ಎಸ್.-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತಲುಪಿತು. ಅದರಲ್ಲಿ ಕನ್ನಡವೂ ಇತ್ತು. ನಮ್ಮ ಜತ್ ತಾಲ್ಲೂಕಿಗೆ ತಾಗಿದ ವಿಜಾಪುರ ಜಿಲ್ಲೆಯ ಹಳ್ಳಿಗಳೂ ಇದ್ದವು. ತಂತಿ ಜಾಲರಿಯ ದೊಡ್ಡ ಕೊಡೆಯಂಥ ಆಂಟೆನಾ, ಶಾಲೆಯ ಅಂಗಳದಲ್ಲಿ ಒಂದು ಟಿವಿ, ಸುತ್ತ ಇಡೀ ಊರು. ಕೆಟ್ಟ ಸೆಟ್ಟುಗಳನ್ನು ಸರಿಪಡಿಸಲು ತಂತ್ರಜ್ಞರು ಊರೂರು ತಿರುಗುತ್ತಿದ್ದರು.

ವರ್ಷ ಮುಗಿದ ಮೇಲೆ ಉಪಗ್ರಹ ಅದರ ಒಡೆಯರಿಗೇ ಮರಳಿತು. ಕೆಲವು ಕಡೆ ಮುಂದೆ ನೆಲದ ಟ್ರಾನ್ಸ್‌ಮಿಟರ್ ಬಂತು; ಉಳಿದ ಎಷ್ಟೋ ಹಳ್ಳಿಗಳಲ್ಲಿ ಪರದೆ ಕಪ್ಪಾಯಿತು. ಬೇರೆಯವರ ಕೈಯಲ್ಲಿರುವ ಸೌಲಭ್ಯ ಅವರು ಕೊಟ್ಟಷ್ಟು ದಿನ ಮಾತ್ರ. ಈ ಪಾಠವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ವಿದ್ಯಾರ್ಥಿಗಳು ಕಟ್ಟಿದ್ದು

ಇನ್ನು ಕಂಪ್ಯೂಟರ್ ಕಥೆ. ಇದರ ನಾಯಕರು ನಿಮ್ಮ ವಯಸ್ಸಿನವರೇ. 1996ರಲ್ಲಿ ಪ್ಯಾರಿಸ್ಸಿನ ಎಕೋಲ್ ಸೆಂಟ್ರಾಲ್ ಎಂಬ ಕಾಲೇಜಿನ ವಿದ್ಯಾರ್ಥಿಗಳಿಗೆ ತಮ್ಮ ಹಾಸ್ಟೆಲಿನಲ್ಲಿ ವೇಗದ ನೆಟ್‌ವರ್ಕ್ ಬೇಕಿತ್ತು. ಅದಕ್ಕೊಂದು ಕಾರಣ ತೋರಿಸಲು, ಟಿವಿ ಚಿತ್ರವನ್ನು ನೆಟ್‌ವರ್ಕ್ ಮೂಲಕ ಎಲ್ಲ ಕೋಣೆಗಳಿಗೆ ಹಂಚುವ ಯೋಜನೆ ಕೈಗೊಂಡರು. ಅದರಿಂದ ಹುಟ್ಟಿದ್ದೇ ನಾವೆಲ್ಲ ಬಳಸುವ ವಿ.ಎಲ್.ಸಿ. ಪ್ಲೇಯರ್. 2001ರಲ್ಲಿ ಅದನ್ನು ಮುಕ್ತ ತಂತ್ರಾಂಶವಾಗಿ ಜಗತ್ತಿಗೇ ಬಿಟ್ಟುಕೊಟ್ಟರು.

2002ರಲ್ಲಿ ಎರಡು ದಾರಿಗಳು ತೆರೆದವು. ಮೈಕ್ರೋಸಾಫ್ಟ್ ತನ್ನ ವಿಂಡೋಸ್ ಎಕ್ಸ್‌ಪಿಗೆ 'ಮೀಡಿಯಾ ಸೆಂಟರ್' ರೂಪ ಕೊಟ್ಟಿತು: ದೂರದ ಕುರ್ಚಿಯಿಂದಲೇ ಓದಬಲ್ಲ ದೊಡ್ಡ ಅಕ್ಷರ, ಕೈಯಲ್ಲಿ ರಿಮೋಟ್. ಅದೇ ವರ್ಷ ಹವ್ಯಾಸಿಗಳ ಗುಂಪೊಂದು ಎಕ್ಸ್‌ಬಾಕ್ಸ್ ಎಂಬ ಆಟದ ಯಂತ್ರವನ್ನು ಮಾರ್ಪಡಿಸಿ ಅದರಲ್ಲಿ ಸಿನಿಮಾ ಓಡಿಸುವ ತಂತ್ರಾಂಶ ಬರೆಯಿತು. ಅದೇ ಬೆಳೆದು 2014ರಲ್ಲಿ 'ಕೋಡಿ' ಎಂಬ ಹೆಸರು ಪಡೆಯಿತು. ಕಂಪನಿಯ ಮೀಡಿಯಾ ಸೆಂಟರ್ 2015ರ ವಿಂಡೋಸ್ 10ರ ಹೊತ್ತಿಗೆ ಕಣ್ಮರೆಯಾಯಿತು. ಹವ್ಯಾಸಿಗಳದ್ದು ಇಂದಿಗೂ ಉಳಿದಿದೆ. ಸಾಲ ತಂದ ಉಪಗ್ರಹದ ಪಾಠ ಇಲ್ಲಿಯೂ ನಿಜವಾಯಿತು.

ಆಗಿನ ದೊಡ್ಡ ತೊಂದರೆ ಗಾತ್ರ ಮತ್ತು ಸದ್ದು. ಫ್ಯಾನ್ ಗುಂಯ್‌ಗುಟ್ಟುವ ಡಬ್ಬವನ್ನು ಪಡಸಾಲೆಯಲ್ಲಿ ಯಾರು ಇಟ್ಟುಕೊಳ್ಳುತ್ತಾರೆ? ತೈವಾನಿನ ವಿಯಾ ಕಂಪನಿ 2001ರಲ್ಲಿ 17 ಸೆಂ.ಮೀ. ಚೌಕದ ಮದರ್‌ಬೋರ್ಡ್ ತಂದಿತು. 2005ರ ಜನವರಿಯಲ್ಲಿ ಆ್ಯಪಲ್‌ನ ಮ್ಯಾಕ್ ಮಿನಿ ಬಂತು. 2012ರಲ್ಲಿ 35 ಡಾಲರಿನ ರಾಸ್ಪ್‌ಬೆರಿ ಪೈ ಬಂತು. ಮಕ್ಕಳಿಗೆ ಕಂಪ್ಯೂಟರ್ ಕಲಿಸಲೆಂದು ಇಂಗ್ಲೆಂಡಿನಲ್ಲಿ ಮಾಡಿದ ಈ ಪುಟ್ಟ ಹಲಗೆ ಪೂರ್ಣ ಎಚ್‌ಡಿ ಸಿನಿಮಾವನ್ನು ಫ್ಯಾನ್ ಇಲ್ಲದೆಯೇ ಓಡಿಸಿತು. ಸ್ವಲ್ಪದರಲ್ಲೇ ಇಂಟೆಲ್‌ನ ನಾಲ್ಕಿಂಚು ಅಗಲದ 'ನಕ್' ಬಂದು ಜೊತೆಗೂಡಿತು. ಇವೆಲ್ಲವನ್ನೂ ಟಿವಿಗೆ ಸೇರಿಸುವ ಎಚ್‌ಡಿಎಂಐ ತಂತಿಯ ನಿಯಮ ರೂಪುಗೊಂಡದ್ದು 2002ರ ಕೊನೆಯಲ್ಲಿ.

ತೊಂದರೆಗಳ ಹಿಂದಿನ ಚರಿತ್ರೆ

ಈಗ ಎರಡನೆಯ ಪ್ರಶ್ನೆ. ಈ ಪೆಟ್ಟಿಗೆ ಒಳಗೆ ಹಲವು ಕಾಲಗಳು ಒಟ್ಟಿಗೆ ಕೂತಿವೆ. ಅವು ಹೊಂದಿಕೊಳ್ಳದಿದ್ದಾಗ ಹುಟ್ಟುವುದೇ ತೊಂದರೆ. ಕಾರಣ ಗೊತ್ತಾದರೆ ಪರಿಹಾರ ಸುಲಭ.

*ಚಿತ್ರದ ಅಂಚು ಕತ್ತರಿಸಿಹೋಗಿದೆ.* ಹಳೆಯ ಪಿಕ್ಚರ್ ಟ್ಯೂಬ್ ಟಿವಿಗಳಲ್ಲಿ ಅಂಚು ನೇರವಾಗಿ ಬರುತ್ತಿರಲಿಲ್ಲ. ಅದನ್ನು ಮರೆಮಾಡಲು ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ತೋರಿಸುತ್ತಿದ್ದರು. ಟ್ಯೂಬ್ ಹೋದರೂ ಆ ಅಭ್ಯಾಸ ಹೋಗಿಲ್ಲ. ಟಿವಿಯ ಚಿತ್ರದ ಅಳತೆಯ ಮೆನುವಿನಲ್ಲಿ 'ಜಸ್ಟ್ ಸ್ಕ್ಯಾನ್', 'ಸ್ಕ್ರೀನ್ ಫಿಟ್' ಅಥವಾ ಅಂಥದೇ ಹೆಸರಿನ ಆಯ್ಕೆ ಇರುತ್ತದೆ, ಅದನ್ನು ಹಾಕಿ.

*ಚಿತ್ರ ತಡವರಿಸುತ್ತದೆ.* ಸಿನಿಮಾ ಸೆಕೆಂಡಿಗೆ 24 ಚೌಕಟ್ಟು ಓಡುತ್ತದೆ, ಇದು ಟಾಕಿ ಕಾಲದ ಲೆಕ್ಕ. ನಮ್ಮ ದೂರದರ್ಶನ 25ರ ಲೆಕ್ಕ ಹಿಡಿಯಿತು. ಕಂಪ್ಯೂಟರ್ ಸಾಮಾನ್ಯವಾಗಿ 60ರಲ್ಲಿ ನಡೆಯುತ್ತದೆ. 24 ಎಂಬುದು 60ಕ್ಕೆ ಸಮವಾಗಿ ಹಂಚಿಕೆಯಾಗದು. ಕೋಡಿಯಲ್ಲಿ ರಿಫ್ರೆಶ್ ರೇಟ್ ಚಿತ್ರಕ್ಕೆ ತಕ್ಕಂತೆ ಬದಲಾಗಲಿ ಎಂದು ಆಯ್ಕೆ ಮಾಡಿ. ಆದರೂ ನಿಂತು ನಿಂತು ಓಡಿದರೆ, ಹೊಸ ಬಗೆಯ ವಿಡಿಯೋವನ್ನು ಬಿಡಿಸುವ ಶಕ್ತಿ ಆ ಹಳೆಯ ಚಿಪ್‌ಗೆ ಇಲ್ಲದಿರಬಹುದು. ಅಥವಾ ಧೂಳು ತುಂಬಿ ಬಿಸಿಯಾಗಿ ಅದು ತಾನೇ ವೇಗ ತಗ್ಗಿಸಿಕೊಂಡಿರಬಹುದು. ಬೇಸಿಗೆಯಲ್ಲಿ ಧೂಳು ಏಳುವ ನಮ್ಮ ಊರುಗಳಲ್ಲಿ ಪೆಟ್ಟಿಗೆಯನ್ನು ಮುಚ್ಚಿದ ಕಪಾಟಿನಲ್ಲಿ ಇಡಬೇಡಿ.

*ಸಂಗೀತ ಜೋರು, ಮಾತು ಮಾತ್ರ ಕೇಳಿಸುವುದಿಲ್ಲ.* ಚಿತ್ರಮಂದಿರದ ಆರು ವಾಹಿನಿಯ ಧ್ವನಿಯಲ್ಲಿ ಮಾತು ಬಹುಪಾಲು ನಡುವಿನ ಸ್ಪೀಕರಿನಿಂದ ಬರುತ್ತದೆ. ಮನೆಯ ಟಿವಿಗೆ ಇರುವುದು ಎರಡೇ ಸ್ಪೀಕರ್. ಕಂಪ್ಯೂಟರಿನ ಧ್ವನಿ ಸೆಟ್ಟಿಂಗಿನಲ್ಲಿ 5.1 ಎಂದಿದ್ದರೆ 2.0 ಮಾಡಿ. ಅಜ್ಜನಿಗೆ ಕಿವಿ ಮಂದವಾಯಿತೆಂದು ಹೇಳುವ ಮೊದಲು ಇದನ್ನು ನೋಡಿ. ಧ್ವನಿಯೇ ಬಾರದಿದ್ದರೆ, ಅದು ಎಚ್‌ಡಿಎಂಐ ಕಡೆ ಹೋಗುತ್ತಿದೆಯೇ ಎಂದು ಪರೀಕ್ಷಿಸಿ.

*ಕರೆಂಟ್ ಹೋಗಿ ಬಂದ ಮೇಲೆ ಏಳುವುದೇ ಇಲ್ಲ.* ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಮೆಮೊರಿ ಕಾರ್ಡಿನ ಕಡತಗಳು ಕೆಡುತ್ತವೆ. ಸಣ್ಣ ಯುಪಿಎಸ್ ಇಡಿ. ಕಾರ್ಡಿನ ಒಂದು ನಕಲು ತೆಗೆದಿಡಿ. ರಾಸ್ಪ್‌ಬೆರಿ ಪೈ ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಕಂಡರೆ ಚಾರ್ಜರ್ ದುರ್ಬಲ ಎಂದರ್ಥ.

ಯಾವ ತೊಂದರೆಯಾದರೂ ಒಂದು ಕ್ರಮ ಇರಲಿ. ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ಮಾಡಿದ್ದನ್ನು ಚೀಟಿಯಲ್ಲಿ ಬರೆಯಿರಿ. ಮೊದಲು ತಂತಿ ಬದಲಿಸಿ, ಆಮೇಲೆ ಟಿವಿಯ ಇನ್‌ಪುಟ್, ಆಮೇಲೆ ಸೆಟ್ಟಿಂಗ್.

ಕನ್ನಡ ಅಕ್ಷರದ ಸರದಿ

1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತು. 2001ರ ವಿಂಡೋಸ್ ಎಕ್ಸ್‌ಪಿ 'ತುಂಗಾ' ಎಂಬ ಕನ್ನಡ ಅಕ್ಷರಮಾದರಿಯನ್ನು ತಂದಿತು. ಅದಕ್ಕೂ ಮುಂಚಿನ ಕನ್ನಡ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸುತ್ತಿದ್ದವು.

ಸಬ್‌ಟೈಟಲ್ ಕೆಟ್ಟಾಗ ಈ ಚರಿತ್ರೆಯೇ ಲಕ್ಷಣವಾಗಿ ಕಾಣುತ್ತದೆ. ಬರೀ ಚೌಕಗಳು ಕಂಡರೆ ಕನ್ನಡ ಫಾಂಟ್ ಇಲ್ಲ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಂಡರೆ ಕಡತ ಹಳೆಯ ಪದ್ಧತಿಯದು. ಯೂನಿಕೋಡಿಗೆ ಬದಲಿಸಿ ಯುಟಿಎಫ್-8 ಆಗಿ ಉಳಿಸಿ. ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಜಾರಿದ್ದರೆ ಅಕ್ಷರ ಜೋಡಿಸುವ ಕೆಲಸ ಪ್ಲೇಯರಿಗೆ ಬಾರದು. ಅದರ ಹೊಸ ಆವೃತ್ತಿ ಹಾಕಿ.

ಈಗ ತೀರ್ಮಾನ ಯಾರದು?

ಅರಸ, ಕಂಪನಿ, ನಿಲಯ, ಉಪಗ್ರಹದ ಒಡೆಯ, ಇಷ್ಟು ಜನರ ಕೈದಾಟಿ ಆಯ್ಕೆ ಈಗ ಮನೆಯ ಪಡಸಾಲೆಗೆ ಬಂದಿದೆ. ಮರಾಠಿ ಶಾಲೆಗೆ ಹೋಗುವ, ಮನೆಯಲ್ಲಿ ಕನ್ನಡ ಆಡುವ ಮಕ್ಕಳಿರುವ ನಮ್ಮ ಕುಟುಂಬಗಳಿಗೆ ಇದರ ಬೆಲೆ ಹೆಚ್ಚು. ಭಾವೆಯವರ ಸಾಂಗಲಿಯಂತೆ ಎರಡೂ ಭಾಷೆಗಳು ಒಂದೇ ಅಂಗಳದಲ್ಲಿ ಇರಲಿ; ಯಾವುದೂ ನಮ್ಮ ಅಲಕ್ಷ್ಯದಿಂದ ಅಳಿಯದಿರಲಿ.

ಯುವಜನರಿಗೆ ಒಂದು ಕೆಲಸ. ಅನೇಕ ಮನೆಗಳ ಟ್ರಂಕಿನಲ್ಲಿ ಮದುವೆ, ಜ್ಞಾನಸ್ನಾನ, ಊರ ಹಬ್ಬದ ವಿಡಿಯೋ ಕ್ಯಾಸೆಟ್‌ಗಳಿವೆ. ತೀರಿಹೋದ ಆಯಿ, ಕಾಕಾ, ಅತ್ತೆಯರ ಕನ್ನಡ ದನಿ ಅವುಗಳಲ್ಲಿದೆ. ಆ ಟೇಪಿನ ಕಾಂತದ ಲೇಪ ವರ್ಷದಿಂದ ವರ್ಷಕ್ಕೆ ಸೊರಗುತ್ತಿದೆ, ತೇವದಲ್ಲಿ ಬೂಸು ಹಿಡಿಯುತ್ತಿದೆ. ಓಡುವ ಒಂದು ವಿಸಿಆರ್ ಹುಡುಕಿ, ಕಂಪ್ಯೂಟರಿಗೆ ಸೇರಿಸುವ ಸಣ್ಣ ಕ್ಯಾಪ್ಚರ್ ಸಾಧನ ಕೊಂಡು, ಒಂದೊಂದಾಗಿ ಇಳಿಸಿಕೊಳ್ಳಿ. ಪರದೆಯಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆ ಕಂಡರೆ ಹೆದರಬೇಡಿ. ಅದು ಹಳೆಯ ಟಿವಿ ಒಂದು ಚಿತ್ರವನ್ನು ಎರಡು ಅರ್ಧಗಳಾಗಿ ತೋರಿಸುತ್ತಿದ್ದುದರ ಗುರುತು. ಪ್ಲೇಯರಿನಲ್ಲಿ 'ಡೀಇಂಟರ್‌ಲೇಸ್' ಆನ್ ಮಾಡಿದರೆ ಸರಿಹೋಗುತ್ತದೆ. ಎರಡು ಪ್ರತಿ ಮಾಡಿ, ಎರಡು ಮನೆಗಳಲ್ಲಿ ಇಡಿ.

ಮಳೆಗಾಲ ಬರುವ ಮುಂಚೆ ಟ್ರಂಕು ತೆರೆಯಿರಿ. ಯಾವ ಕ್ಯಾಸೆಟ್‌ನಲ್ಲಿ ಯಾರಿದ್ದಾರೆ ಎಂದು ಹೇಳಬಲ್ಲ ಹಿರಿಯರು ಇರುವಾಗಲೇ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹೆಸರುಗಳನ್ನು ಕನ್ನಡದಲ್ಲೇ ಬರೆದಿಡಿ.