ಕೈಯಲ್ಲಿ ಏಳು ಆಟೀನು, ಬಾಯಲ್ಲಿ ‘ಡಬಲ್’ ♥️ ಇಸ್ಪೀಟಿನ ಇತಿಹಾಸ – 7

ನಿಮ್ಮ ಕೈಗೆ ಏಳು ಆಟೀನು ಬಂದಿದೆ ಅಂದ್ಕೊಳ್ಳಿ. ಎಕ್ಕ, ರಾಜ, ರಾಣಿ ಮೂರೂ ನಿಮ್ಮವೇ. ಹೊರಗಡೆ ಇನ್ನೂ ಎರಡು ಎಕ್ಕ. ಅಷ್ಟರಲ್ಲಿ ಬಲಗಡೆ ಕೂತವರು “ಒಂದು ಡೈಮಂಡ್” ಅಂದುಬಿಟ್ರು. ಈಗ ಏನು ಕೂಗ್ತೀರಿ?

1925ರಲ್ಲಿ ಅಮೆರಿಕದ ಹೆರಾಲ್ಡ್ ವಾಂಡರ್‌ಬಿಲ್ಟ್ ಒಂದು ಹಡಗು ಪ್ರಯಾಣದಲ್ಲಿ ಕಾಂಟ್ರಾಕ್ಟ್ ಬ್ರಿಜ್‌ನ ಹೊಸ ಲೆಕ್ಕವನ್ನು ಆಡಿ ನೋಡಿದರು. ಕೂಗಿ ಗೆದ್ದ ಟ್ರಿಕ್ಕಿಗೆ ಮಾತ್ರ ಗೇಮ್ ಅಂಕ. ಹಾಗಾಗಿ ಎಲೆ ಚೆನ್ನಾಗಿದ್ರೆ ಸಾಲದು, ಅದನ್ನು ಜೊತೆಗಾರರಿಗೆ ತಿಳಿಸಲೇಬೇಕು. ಆದರೆ ಬ್ರಿಜ್ ಭಾಷೆಯಲ್ಲಿ ಇರೋದೇ 38 ಮಾತು!

1930ರ ದಶಕದ ಕಲ್ಬರ್ಟ್‌ಸನ್ ಪದ್ಧತಿಯಲ್ಲಿ ಉತ್ತರ ಸರಳ: ಒಂದು ಮೆಟ್ಟಿಲು ಹಾರಿ “ಎರಡು ಆಟೀನು”. ಹಾರಿದರೆ ಬಲವಾದ ಕೈ ಅಂತ ಅರ್ಥ.

ಆಮೇಲೆ ಆಟಗಾರರು ಒಂದು ಲೆಕ್ಕ ಹಾಕಿದರು. ಇಂಥ ಕೈ ಬರೋದೇ ಅಪರೂಪ. ಉದ್ದದ ಜಾತಿ ಇದ್ದೂ ಬಲವಿಲ್ಲದ ಕೈ ಪದೇಪದೇ ಬರುತ್ತೆ. ಹಾಗಾಗಿ ಹಾರುವ ಕೂಗು ಎದುರಾಳಿಯ ದಾರಿ ಅಡ್ಡಗಟ್ಟುವ ದುರ್ಬಲ ಕೈಯ ಪಾಲಾಯಿತು.

ಬಲವಾದ ಕೈಗೆ ಸುತ್ತುದಾರಿ ಉಳಿಯಿತು: ಮೊದಲು “ಡಬಲ್”, ಮುಂದಿನ ಸರದಿಯಲ್ಲಿ ಆಟೀನು. ಅಪಾಯ ಇರೋದೂ ಇಲ್ಲೇ. ಎಡಗಡೆಯವರು ನೇರ “ಐದು ಡೈಮಂಡ್” ಅಂದ್ರೆ? ನಿಮ್ಮ ಆಟೀನಿನ ಸುದ್ದಿ ಜೊತೆಗಾರರಿಗೆ ಇನ್ನೂ ಮುಟ್ಟಿಲ್ಲ. ಐದರ ಮಟ್ಟದಲ್ಲಿ ನೀವು ಕತ್ತಲಲ್ಲೇ ನಿರ್ಧರಿಸಬೇಕು.

ಅದಕ್ಕೇ ಇವತ್ತು ಅನೇಕರು ಡಬಲ್‌ಗೆ ಕಾಯದೆ, ಮೊದಲೇ “ಒಂದು ಆಟೀನು” ಅಂತಾರೆ. ಬಲ ಆಮೇಲೆ ಹೇಳಬಹುದು. ಜಾತಿ ಹೇಳೋಕೆ ಮತ್ತೆ ಜಾಗ ಸಿಗದೇ ಇರಬಹುದು.

ನೀವಾಗಿದ್ರೆ? ಕಮೆಂಟಲ್ಲಿ ಕೂಗಿ 👇

#ಇಸ್ಪೀಟಿನಇತಿಹಾಸ #ಬ್ರಿಜ್